ಹಿಲ್ ಅವರ ಸಮೀಕರಣ: ಒಂದು ಚಾರಿತ್ರಿಕ ವಿಮರ್ಶೆ

ಔಷಧವೋ ಹಾರ್ಮೋನೋ ಗ್ರಾಹಕಕ್ಕೆ ಬಂದು ಸೇರಿದಾಗ ಜೀವಕೋಶದಲ್ಲಿ ಉಂಟಾಗುವ ಪ್ರತಿಕ್ರಿಯೆಯನ್ನು ಗಣಿತದಿಂದ ನಿರೂಪಿಸುವ ಗ್ರಂಥಗಳಲ್ಲಿ ಎ. ವಿ. ಹಿಲ್ ಅವರ ಹೆಸರಿನ ಸಮೀಕರಣವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರಲ್ಲಿ ಸಾಂದ್ರತೆಯ ಮೇಲಿರುವ ಘಾತಾಂಕವನ್ನು ಗ್ರಾಹಕದ ಬಂಧನಸ್ಥಾನಗಳ ಸಂಖ್ಯೆಯೆಂದೇ ಅರ್ಥೈಸುವ ರೂಢಿಯೂ ಉಂಟು. ಗಣಿತವು ನಮ್ಮ ಕ್ಷೇತ್ರವಲ್ಲ. ಆದರೆ ಒಂದು ಬರಹವು ಯಾವಾಗ, ಯಾವ ಉದ್ದೇಶದಿಂದ ಹುಟ್ಟಿತೆಂದು ವಿಚಾರಿಸುವುದು ಇತಿಹಾಸದ ಕೆಲಸ. ಹಾಗೆ ವಿಚಾರಿಸಿದಲ್ಲಿ ಈ ರೂಢಿಗೆ ಆಧಾರವು ಸಾಲದೆಂದು ನಮಗೆ ತೋರುತ್ತದೆ.

ನಿಕೋಟಿನ್ ಮತ್ತು ಕ್ಯುರಾರೆಗಳು ಸ್ನಾಯುವಿನ ಒಂದು 'ಗ್ರಾಹಕ ದ್ರವ್ಯ'ದ ಮೇಲೆ ವರ್ತಿಸುತ್ತವೆಂದು ಕೇಂಬ್ರಿಜ್ಜಿನ ಲ್ಯಾಂಗ್ಲಿ ಅವರು 1905ರಲ್ಲಿ ಪ್ರತಿಪಾದಿಸಿದರು. ಅದೇ ಕೇಂಬ್ರಿಜ್ಜಿನಲ್ಲಿ ಹಿಲ್ ಅವರು 1909ರಲ್ಲಿ ಕಪ್ಪೆಯ ಸ್ನಾಯುವಿನ ಸಂಕೋಚನವನ್ನು ಅಳೆದು, ಔಷಧವೂ ಆ ದ್ರವ್ಯವೂ ಕೂಡುವ, ಅಗಲುವ ಗತಿಯನ್ನು ಸಮೀಕರಣಕ್ಕೆ ಇಳಿಸಿದರು. ಗ್ರಾಹಕಗಣಿತದ ಆರಂಭವೆಂದರೆ ಇದೇ; ಇದರಲ್ಲಿ ಆ ಘಾತಾಂಕವಿಲ್ಲ. ಘಾತಾಂಕವುಳ್ಳ ಪ್ರಸಿದ್ಧ ಸಮೀಕರಣವು 1910ರದು. ಅದರ ವಿಷಯ, ರಕ್ತದ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ಬಗೆ. ಅಲ್ಲಿಯೂ ಅವರು, ಈ ರೂಪದ ಸಮೀಕರಣವು ಅಳತೆಗಳಿಗೆ ಹೊಂದುವುದೇ ಎಂದು ಪರೀಕ್ಷಿಸುವುದೇ ತಮ್ಮ ಉದ್ದೇಶವೆಂದು ತಿಳಿಸಿ, ಘಾತಾಂಕಕ್ಕೆ ನೇರವಾದ ಭೌತಿಕ ಅರ್ಥವನ್ನು ಆರೋಪಿಸಲಿಲ್ಲ.

ಈ ಎಚ್ಚರಿಕೆ ಯುಕ್ತವೇ ಆಗಿತ್ತು. ಹೀಮೋಗ್ಲೋಬಿನ್ನಿನ ಒಂದು ಅಣುವು ನಾಲ್ಕು ಆಮ್ಲಜನಕ ಅಣುಗಳನ್ನು ಹಿಡಿಯುವುದೆಂದು ಅಡೈರ್ ಅವರು 1925ರಲ್ಲಿ ತೋರಿಸಿದರು. ಅಳತೆಗಳಿಂದ ದೊರೆಯುವ ಘಾತಾಂಕವಾದರೋ ಸುಮಾರು 2.8 ಮಾತ್ರ.

ಘಾತಾಂಕವು ಸ್ಥಾನಗಳ ಕನಿಷ್ಠ ಸಂಖ್ಯೆಯನ್ನಾದರೂ ಸೂಚಿಸುವುದೆಂದು ಕೆಲವರು ವಾದಿಸಬಹುದು. ಬಂಧನವನ್ನೇ ಅಳೆದಾಗ ಈ ವಾದಕ್ಕೆ ಬಲವುಂಟು. ಕೋಶದ ಪ್ರತಿಕ್ರಿಯೆಯನ್ನು ಅಳೆದಾಗ ಅದು ನಿಲ್ಲದು. ಪ್ರತಿಕ್ರಿಯೆಯು ತುಂಬಿದ ಗ್ರಾಹಕಗಳ ಪ್ರಮಾಣಕ್ಕೆ ಸಮನಾಗಿರಬೇಕಿಲ್ಲವೆಂದು ಸ್ಟೀಫನ್‌ಸನ್ ಅವರು 1956ರಲ್ಲಿಯೇ ವಾದಿಸಿದ್ದರು. 1996ರಲ್ಲಿ ಹುವಾಂಗ್ ಮತ್ತು ಫೆರೆಲ್ ಅವರು, ಒಂದು ಕಿಣ್ವವು ಇನ್ನೊಂದನ್ನು, ಅದು ಮೂರನೆಯದನ್ನು ಚುರುಕುಗೊಳಿಸುವ ಸಂಕೇತ ಸರಣಿಯನ್ನು ಪರಿಶೀಲಿಸಿದರು. ಯಾವ ಕಿಣ್ವಕ್ಕೂ ಸಹಕಾರಿ ಬಂಧನವನ್ನು ಕಲ್ಪಿಸದೆಯೇ ಅವರ ಗಣಿತವು 4ರಿಂದ 5ರ ಘಾತಾಂಕಕ್ಕೆ ಸಮನಾದ ಕಡಿದಾದ ವಕ್ರರೇಖೆಯನ್ನು ನೀಡಿತು. ಕಪ್ಪೆಯ ಅಂಡಕೋಶಗಳ ಸಾರದಲ್ಲಿ ನಡೆಸಿದ ಪ್ರಯೋಗವೂ ಅದಕ್ಕೆ ಹೊಂದಿತು. ಕಡಿದುತನವು ಇಲ್ಲಿ ಸರಣಿಯ ರಚನೆಯಿಂದ ಬಂದುದು.

ಸಮೀಕರಣದ ಉಪಯುಕ್ತತೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ಅಳೆದದ್ದು ಬಂಧನವೋ ಪ್ರತಿಕ್ರಿಯೆಯೋ ಎಂಬುದನ್ನು ಗ್ರಂಥಕರ್ತರು ಮೊದಲು ಹೇಳಲಿ. ಘಾತಾಂಕವನ್ನು ವಕ್ರರೇಖೆಯ ಕಡಿದುತನವೆಂದಷ್ಟೇ ಕರೆಯಲಿ. ಇಲ್ಲವಾದರೆ ವಿದ್ಯಾರ್ಥಿಯು ಗ್ರಾಹಕದಲ್ಲಿ ಇಲ್ಲದ ಸ್ಥಾನಗಳನ್ನು ಹುಡುಕುವುದರಲ್ಲಿಯೇ ಶ್ರಮವನ್ನು ಕಳೆದಾನು.