ಪ್ರಾಚೀನ ಪಾರಸೀಕ ಸ್ತ್ರೀಯರ ಹೆಸರುಗಳೂ ಬಿರುದುಗಳೂ

ಪಾರಸೀಕರ ಹೆಸರುಗಳೆಲ್ಲವೂ ಸಕಾರದಲ್ಲಿಯೇ ಮುಗಿಯುವುವೆಂದೂ, ಈ ಸಂಗತಿಯು ಪಾರಸೀಕರಿಗೇ ತಿಳಿಯದೆಂದೂ ಯವನ ಚರಿತ್ರಕಾರನಾದ ಹೆರೊಡೊಟಸನು ಬರೆದಿದ್ದಾನೆ. ಈ ಮಾತನ್ನು ಪರೀಕ್ಷಿಸದೆ ಎತ್ತಿ ಹೇಳುವವರು ಈಗಲೂ ಉಂಟು. ಆದರೆ ಅವನ ಗ್ರಂಥದಲ್ಲಿಯೇ ಬರುವ ಅತೊಸ್ಸಾ, ಅರ್ತಿಸ್ತೋನೆ, ಫೈದಿಮೆ ಎಂಬ ರಾಣಿಯರ ಹೆಸರುಗಳು ಸ್ವರಾಂತಗಳು. ಪಾರ್ಮಿಸ್, ಅಮೆಸ್ತ್ರಿಸ್ ಎಂಬವುಗಳ ಕೊನೆಯ ಸಕಾರವಾದರೋ ಯವನರ ಪ್ರಥಮಾವಿಭಕ್ತಿಯದು. ಪುರುಷನಾಮಗಳಲ್ಲಿಯೂ ಕುರುಷ್, ದಾರಯವಉಷ್ ಮುಂತಾದ ಇಕಾರಾಂತ ಉಕಾರಾಂತಗಳಲ್ಲಿ ಷಕಾರವು ಉಳಿದಿದೆ; ಅಕಾರಾಂತವಾದ ವಿಷ್ತಾಸ್ಪ ಎಂಬಲ್ಲಿ, ಸಂಸ್ಕೃತದ ವಿಸರ್ಗವಿರಬೇಕಾದ ಸ್ಥಾನದಲ್ಲಿ, ಏನೂ ಉಳಿದಿಲ್ಲ. ಸ್ತ್ರೀಯರನ್ನು ಎಣಿಕೆಗೆ ತಾರದೆ ರಚಿಸಿದ ಈ ಸೂತ್ರಕ್ಕೆ ಅವ್ಯಾಪ್ತಿದೋಷವು ಸ್ಪಷ್ಟವಾಗಿಯೇ ತಗಲುವುದು.

ಯವನರ ಬರೆಹದಿಂದ ಈ ಹೆಸರುಗಳನ್ನು ಬಿಡಿಸಿಕೊಳ್ಳುವುದು ಮೊದಲ ಕೆಲಸ. ಪರ್ಸಿಪೊಲಿಸ್ ನಗರದಲ್ಲಿ 1933ರಲ್ಲಿ ದೊರೆತ ಏಲಾಮ್ ಭಾಷೆಯ ಮೃತ್ಫಲಕಗಳಲ್ಲಿ ಅರ್ತಿಸ್ತೋನೆಯು ಇರ್ತಷ್ದುನ ಎಂದು ಕಾಣುತ್ತಾಳೆ. ಇದರ ಮೂಲರೂಪವು ಋತಸ್ತೂನಾ. ಸಂಸ್ಕೃತದಲ್ಲಿ ಋತ ಮತ್ತು ಸ್ಥೂಣಾ ಎಂಬೆರಡು ಪದಗಳು. ಋತಕ್ಕೆ ಕಂಬವಾದವಳು ಎಂದರ್ಥ. ಎರಡನೆಯ ದಾರಯವಉಷನ ಪತ್ನಿಯಾದ ಪರಿಸಾತಿಸಳ ಹೆಸರು ನಿಪ್ಪೂರಿನ ಬಾಬಿಲೋನೀಯ ಪತ್ರಗಳಲ್ಲಿ ಪುರುಷಾತು ಎಂದಿದೆ. ಇದನ್ನು ಕೇಳಿದೊಡನೆ ನಮ್ಮ ಪಂಡಿತರಲ್ಲಿ ಕೆಲವರು ಪುರುಷಶಬ್ದವನ್ನು ಎಳೆದು ತಾರದಿರರು. ಅದು ಸಲ್ಲದು. ಪುರು ಎಂದರೆ ಬಹು. ಷಿಯಾತಿ ಎಂದರೆ ಸುಖ. ಅಹುರಮಜ್ದನು ಮನುಷ್ಯನಿಗಾಗಿ ಸೃಜಿಸಿದನೆಂದು ದಾರಯವಉಷನ ಶಾಸನಗಳು ಹೇಳುವ ಷಿಯಾತಿಯೇ ಇದು. ಸೋದರ ಭಾಷೆಗಳ ಸಾದೃಶ್ಯವು ದಾರಿಯನ್ನು ತೋರಿಸುವುದಾದರೂ, ನಾದಸಾದೃಶ್ಯವನ್ನೇ ನಂಬಿ ಹೊರಟವನು ಹಳ್ಳಕ್ಕೆ ಬೀಳುವನು.

ಅವೆಸ್ತಾ ಗ್ರಂಥದಲ್ಲಿ ಇಂತಹ ತೊಡಕು ಕಡಮೆ. ಫ್ರವರ್ದೀನ್ ಯಷ್ಟಿನ ಕೊನೆಯ ಭಾಗದಲ್ಲಿ ಪುಣ್ಯವತಿಯರಾದ ಸ್ತ್ರೀಯರ ಪಟ್ಟಿಯೇ ಇದೆ. ಜರಥುಷ್ಟ್ರನ ಪತ್ನಿಯೆಂದು ಪ್ರಸಿದ್ಧಳಾದ ಹ್ವೋವೀ, ಮಕ್ಕಳಾದ ಫ್ರೇನೀ, ಥ್ರಿತೀ, ಪೌರುಚಿಸ್ತಾ, ಆಮೇಲೆ ಹುತಓಸಾ ಮೊದಲಾದವರು ಅಲ್ಲಿ ಬರುತ್ತಾರೆ. ಹ್ವೋವೀ ಎಂಬುದು ಹ್ವೋಗ್ವ ಎಂಬ ತವರಿನ ಕುಲದಿಂದ ಬಂದ ಹೆಸರು. ಮದುವೆಯಾದ ಮೇಲೂ ಅದು ಅಳಿಯಲಿಲ್ಲ. ಪೌರುಚಿಸ್ತಾ ಎಂದರೆ ಬಹುಜ್ಞೆ. ತುಷ್ನಾಮೈತಿ ಎಂಬ ಹೆಸರಂತೂ ತೂಷ್ಣೀಂ ಎಂಬ ಅವ್ಯಯವನ್ನೂ ಮತಿಶಬ್ದವನ್ನೂ ಬಲ್ಲವನಿಗೆ ತಾನಾಗಿಯೇ ಅರ್ಥವಾಗುವುದು. ಮುಂದಿನ ವಾಕ್ಯಗಳಲ್ಲಿ ಬೇರೆ ನಾಲ್ವರು ಫ್ರೇನಿಯರು ಬರುತ್ತಾರೆ. ಇಂತಹವನ ಪತ್ನಿ ಎಂಬ ಮಾತಿನಿಂದಲೇ ಅವರನ್ನು ಬೇರೆಬೇರೆಯಾಗಿ ಅರಿಯಬೇಕು. ಅನಂತರ ಕನ್ಯೆಯರ ಸರದಿ. ಅವರಿಗೆ ಹೆಸರಿನೊಡನೆ ಕನ್ಯಾ ಎಂಬ ಮಾತು ಮಾತ್ರ. ಹೀಗೆ ಹೆಸರು ಅರ್ಥವತ್ತಾಗಿದ್ದರೂ ವ್ಯಕ್ತಿಯನ್ನು ಗುರುತಿಸಲು ಸಂಬಂಧದ ಮಾತು ಬೇಕಾಯಿತು.

ಸಂಬಂಧದ ಮಾತೇ ಬಿರುದಾದಾಗ ವಿದ್ವಾಂಸರು ಎಡವುವುದುಂಟು. ಮೇಲೆ ಹೇಳಿದ ಮೃತ್ಫಲಕಗಳಲ್ಲಿ ಇರ್ತಷ್ದುನಳಿಗೆ ದುಕ್ಷಿಷ್ ಎಂಬ ವಿಶೇಷಣವಿದೆ. ಇದು ದುಹಿತೃ ಶಬ್ದದ ಬಂಧುವಾದ ಪಾರಸೀಕ ಪದವೆಂಬುದು ಬಲವಾದ ಪಕ್ಷ. ತನ್ನ ಸ್ವತ್ತಿನಿಂದ ಅವಳಿಗೆ 100 ಕುರಿಗಳನ್ನು ಕೊಡಬೇಕೆಂದು ದಾರಯವಉಷನು ಆಜ್ಞಾಪಿಸಿದ ಪತ್ರವೊಂದಿದೆ. ದುಕ್ಷಿಷ್ ಎಂಬುದನ್ನು ಮಗಳೆಂದೇ ಹಿಡಿದರೆ ಅವಳು ದಾರಯವಉಷನ ಪುತ್ರಿಯಾಗಿಬಿಡುವಳು. ಆದರೆ ಅವಳು ಕುರುಷನ ಮಗಳು, ದಾರಯವಉಷನಿಗೆ ಅತಿಪ್ರಿಯಳಾದ ಪತ್ನಿ, ಅವಳ ಬಂಗಾರದ ಪ್ರತಿಮೆಯನ್ನು ಅರಸನು ಮಾಡಿಸಿದನು ಎಂದು ಹೆರೊಡೊಟಸನು ಹೇಳುತ್ತಾನೆ. ಈ ವಿಷಯದಲ್ಲಿ ಅವನನ್ನು ಅಲ್ಲಗಳೆಯಲು ಕಾರಣವಿಲ್ಲ. ಆದುದರಿಂದ ದುಕ್ಷಿಷ್ ಎಂಬುದು ರಾಜಕುಲದ ಸ್ತ್ರೀಯೆಂಬಷ್ಟನ್ನೇ ಹೇಳುವ ಬಿರುದು. ಅವಳು ತನ್ನ ಮುದ್ರೆಯನ್ನೊತ್ತಿ ತನ್ನ ಭೂಮಿಯ ಅಧಿಕಾರಿಗಳಿಗೆ ಆಜ್ಞೆಗಳನ್ನು ಕಳುಹಿಸುತ್ತಿದ್ದಳು. ಅರಸರ ಶಿಲಾಶಾಸನಗಳಲ್ಲಿ ಒಬ್ಬ ಸ್ತ್ರೀಯ ಹೆಸರೂ ಇಲ್ಲದಿರುವಾಗ, ಉಗ್ರಾಣದ ಲೆಕ್ಕದ ಮಣ್ಣುಬಿಲ್ಲೆಗಳು ಇದನ್ನು ಉಳಿಸಿಕೊಟ್ಟಿವೆ.

ಸಾಸಾನೀಯರ ಕಾಲದಲ್ಲಿಯೂ ಇದೇ ಪ್ರಶ್ನೆ ಏಳುವುದು. ಕ್ರಿ.ಶ. ಮೂರನೆಯ ಶತಮಾನದ ಮೊದಲನೆಯ ಶಾಪೂರನ ತ್ರಿಭಾಷಾಶಾಸನದಲ್ಲಿ ಅವನ ಮಗಳಾದ ಆದುರ್-ಅನಾಹಿದಳಿಗೆ ಬಾನ್‌ಬಿಷ್ನಾನ್ ಬಾನ್‌ಬಿಷ್ನ್, ಅಂದರೆ ರಾಣಿಯರ ರಾಣಿ, ಎಂಬ ಬಿರುದಿದೆ. ಬಾನ್‌ಬಿಷ್ನ್ ಪದದ ಉತ್ತರಾರ್ಧವು ನಮ್ಮ ಪತ್ನೀ ಶಬ್ದದ ಬಂಧು, ಮೂಲಾರ್ಥವು ಗೃಹಸ್ವಾಮಿನಿ. ಇದನ್ನು ಆಧಾರಮಾಡಿಕೊಂಡು ಅವಳು ತಂದೆಯನ್ನೇ ವಿವಾಹವಾದಳೆಂದು ಕೆಲವರು ಸಾಧಿಸುವರು. ಸ್ವಕುಲವಿವಾಹವನ್ನು ಹೊಗಳುವ ಮಾತುಗಳು ಪಹ್ಲವೀ ಧರ್ಮಗ್ರಂಥಗಳಲ್ಲಿ ಇರುವುದು ನಿಜ. ಆದರೂ ಶಾಸನವು ಆಕೆಯನ್ನು ಮಗಳೆಂದಿದೆ, ಪತ್ನಿಯೆಂದಿಲ್ಲ. ಅದೇ ಶಾಸನದಲ್ಲಿ ಪಾಬಗನ ಮಗಳಾದ ದೇನಗಳಿಗೂ ಅದೇ ಬಿರುದು ಸಂದಿದೆ; ಅವಳು ಆರ್ದಷೀರನ ಸೋದರಿ. ಸಂಬಂಧವನ್ನು ಬೇರೆ ಮಾತಿನಿಂದ ಹೇಳಿರುವಲ್ಲಿ ಬಿರುದಿನ ವ್ಯುತ್ಪತ್ತಿಯಿಂದ ಇನ್ನೊಂದು ಸಂಬಂಧವನ್ನು ಹುಟ್ಟಿಸುವುದು ಯುಕ್ತವಲ್ಲ. ವಿವಾಹಕ್ಕೆ ಪ್ರತ್ಯೇಕವಾದ ಪ್ರಮಾಣವನ್ನೇ ತೋರಿಸಬೇಕು.

ದುಹಿತೃ ಶಬ್ದವು ಈ ಕಾಲಕ್ಕೆ ದುಖ್ತ್ ಎಂದಾಗಿ ಹೆಸರಿನೊಳಕ್ಕೇ ಸೇರಿಹೋಗಿತ್ತು. ಶಾಪೂರ್‌ದುಖ್ತಗ್ ಎಂಬಲ್ಲಿ ಮೊದಲ ಪದವು ಪುರುಷನ ಹೆಸರು. ಆದರೆ ಏಳನೆಯ ಶತಮಾನದಲ್ಲಿ, ತನ್ನ ಸೋದರಿ ಬೋರಾನಳ ಹಾಗೆಯೇ ಸ್ವಲ್ಪ ಕಾಲ ಸಿಂಹಾಸನದಲ್ಲಿದ್ದ ಆಜರ್ಮೀದುಖ್ತಳ ತಂದೆಯು ಎರಡನೆಯ ಖುಸ್ರೂ. ಅವಳ ಹೆಸರಿನ ಪೂರ್ವಪದವು ಗೌರವವಾಚಕ.