ಗಂಟು ಕಟ್ಟುವ ಕೈ

ನಮ್ಮೂರ ಗ್ರಂಥಾಲಯ ಹೊಸ ಕಟ್ಟಡಕ್ಕೆ ಹೊರಟಿದೆ. ವರ್ಷವಿಡೀ ಪತ್ರಿಕೆ ಹೊಂದಿಸಿ, ಕಿತ್ತುಬಂದ ಪುಸ್ತಕಗಳ ಬೆನ್ನಿಗೆ ಮೈದಾ ಅಂಟು ಹಚ್ಚಿ, ಪರೀಕ್ಷೆಗೆ ಓದುವ ಹುಡುಗರಿಗೆ ಕುರ್ಚಿ ಹುಡುಕಿಕೊಟ್ಟ ಮೇಲ್ವಿಚಾರಕರು ಈಗ ಗಂಟು ಕಟ್ಟುತ್ತಿದ್ದಾರೆ. ಅದೆಂಥ ಕಸುಬು! ಒಂದು ಪುಸ್ತಕದ ಬೆನ್ನು ಎಡಕ್ಕೆ, ಮುಂದಿನದರದು ಬಲಕ್ಕೆ; ಇಲ್ಲದಿದ್ದರೆ ಹೊಲಿಗೆಯ ಬದಿ ದಪ್ಪವಾಗಿ ಗಂಟು ವಾಲುತ್ತದೆ. ಸೆಣಬಿನ ಹುರಿ ರಟ್ಟನ್ನು ಕೊಯ್ಯದಂತೆ ಅಂಚಿಗೆ ಹಳೇ ಪೇಪರಿನ ಮಡಿಕೆ. ಮೇಲೊಂದು ಚೀಟಿ: 894.814. ಡ್ಯೂಯಿ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಮನೆ ನಂಬರು ಅದು. ಕೊನೆಯ ಕಪಾಟಿನ ಗಂಟು ಲಾರಿಗೆ ಮೊದಲು ಹತ್ತಬೇಕಂತೆ, ಇಳಿಸುವಾಗ ಮೊದಲ ಕಪಾಟಿನದೇ ಕೈಗೆ ಸಿಗಲಿ ಎಂದು. (ನಾನಾಗಿದ್ದರೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಬಿಡುತ್ತಿದ್ದೆ.) ನಿಮ್ಮ ಮನೆಯಲ್ಲಿ ಗ್ರಂಥಾಲಯದ ಮೊಹರಿನ ಪುಸ್ತಕ ಉಳಿದಿದ್ದರೆ, ಹುರಿ ಮುಗಿಯುವ ಮೊದಲೇ ತಲುಪಿಸಿ.