ಹದಿಮೂರು ದಿನಗಳ ರಾಜ್ಯ: ಅಮರಸುಳ್ಯ ದಂಗೆ ಮತ್ತು ಜನಪದ ನೆನಪು

ಜನಪದ ನೆನಪು ಸದಾ ಸೋತ ಬಂಡಾಯಗಾರನ ಪರವಾಗಿರುತ್ತದೆ ಎಂಬ ಗ್ರಹಿಕೆ ನಮ್ಮ ಜಾನಪದ ಅಧ್ಯಯನಗಳಲ್ಲಿ ಬಹುಮಟ್ಟಿಗೆ ಪ್ರಶ್ನಾತೀತವಾಗಿ ನೆಲೆಗೊಂಡಿದೆ. ಇದಕ್ಕೆ ಆಧಾರವಿಲ್ಲದಿಲ್ಲ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಸಂತಾನ ಬೇಡಿ ತೊಟ್ಟಿಲು ಕಟ್ಟುವವರಿಗೆ, ಆತನ ದಂಗೆ ಸೋತಿತೆಂದು ಯಾವ ಇತಿಹಾಸಕಾರನೂ ಮನವರಿಕೆ ಮಾಡಿಕೊಡಲಾರ. ದಾಖಲೆ ಮುಗಿಸಿದ ಕಥೆಯನ್ನು ಜನರು ಮುಂದುವರಿಸುತ್ತಾರೆ. ಇದನ್ನೇ ನಾವು ಪರ್ಯಾಯ ಚರಿತ್ರೆ ಎಂದು ಕರೆಯುತ್ತ ಬಂದಿದ್ದೇವೆ. ಆದರೆ 1837ರ ಅಮರಸುಳ್ಯ ದಂಗೆ ಈ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ.

1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ ಸೀಮೆ ಕೆನರಾ ಜಿಲ್ಲೆಯ ಪಾಲಾಯಿತು. ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದು ಹೊಂದಿಸಬೇಕಾಯಿತು. ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳುತನದಲ್ಲಿ ಎದ್ದ ಜನ ಬೆಳ್ಳಾರೆಯ ಖಜಾನೆಯನ್ನು ಹಿಡಿದು, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕರು. ಹದಿಮೂರು ದಿನ ಊರು ಅವರದಾಗಿತ್ತು. ಕಂಪನಿಯ ಸೇನೆ ಬಂದ ಮೇಲೆ ಎಲ್ಲವೂ ಮುಗಿಯಿತು.

ಈ ದಂಗೆಯ ವಿಶೇಷವೆಂದರೆ, ಇಲ್ಲಿ ಪರ್ಯಾಯ ಚರಿತ್ರೆ ಸೋಲಿನ ನಂತರ ಹುಟ್ಟಿದ್ದಲ್ಲ. ದಂಗೆಯೇ ಅದರಿಂದ ಹುಟ್ಟಿತು. ಹಾಲೇರಿ ವಂಶದವರೆಂದು ಹೇಳಿಕೊಂಡ ಅಪರಂಪರ, ಕಲ್ಯಾಣಸ್ವಾಮಿ ಇಬ್ಬರೂ ಸೆರೆಯಾದ ಮೇಲೆ ಪುಟ್ಟಬಸಪ್ಪನೆಂಬಾತ ಕಲ್ಯಾಣಸ್ವಾಮಿಯ ಹೆಸರು ಹೊತ್ತು ಮುಂದೆ ನಿಂತ. ರಾಜವಂಶ ಅಳಿದಿಲ್ಲ, ಅರಸ ಮರಳಿದ್ದಾನೆ ಎಂಬ ಕಥೆಯ ಬೆನ್ನಿಗೆ ಸೈನ್ಯ ಕೂಡಿತು. ಸತ್ತ ಮೂರನೆಯ ಪೀಟರನೇ ತಾನೆಂದು ಹೇಳಿ 1773ರಲ್ಲಿ ರಷ್ಯಾದ ರೈತರನ್ನು ಎಬ್ಬಿಸಿದ ಪುಗಚೇವನ ಪ್ರಸಂಗ ಇದಕ್ಕೆ ಸಮೀಪದ್ದು. ಇಂಥವರನ್ನು ವಂಚಕರೆಂದು ತಳ್ಳಿಹಾಕುವುದು ಆಡಳಿತಗಾರನ ದೃಷ್ಟಿ. ಜಾನಪದ ವಿದ್ವಾಂಸನಿಗೆ ಇವರು ಒಂದು ಆಶಯವನ್ನು ಮೈಮೇಲೆ ತಂದುಕೊಂಡವರು. ದೈವ ಮೈಮೇಲೆ ಬಂದಾಗ ಪಾತ್ರಿಯ ಸ್ವಂತ ಹೆಸರನ್ನು ಯಾರೂ ಕೇಳದ ನಾಡು ಇದು ಎಂಬುದನ್ನು ಮರೆಯಬಾರದು.

ಇಷ್ಟಾದರೂ ಕರಾವಳಿಯ ಆಡುಮಾತಿನಲ್ಲಿ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ನುಡಿಗಟ್ಟು. ಲೂಟಿ, ದಾಂಧಲೆ ಎಂಬುದೇ ಅದರ ಭಾವ. ಇದು ಬ್ರಿಟಿಷರು ಹಬ್ಬಿಸಿದ ಅಪಪ್ರಚಾರವೆಂಬ ವಾದವುಂಟು. ವಾದ ಅನುಕೂಲಕರವಾಗಿದೆ, ಅದೇ ಅದರ ದೌರ್ಬಲ್ಯ. ನಮಗೆ ಹಿತವಾದ ಲಾವಣಿಯನ್ನು ಜನರ ದನಿಯೆಂದೂ, ಹಿತವಲ್ಲದ ನುಡಿಗಟ್ಟನ್ನು ಸರ್ಕಾರದ ದನಿಯೆಂದೂ ವಿಂಗಡಿಸುವುದು ಶಾಸ್ತ್ರವಲ್ಲ. ಸಂಬಳವಿಲ್ಲದ ದಂಡು ಹಾದುಹೋದ ದಾರಿಯಲ್ಲಿ ಕಣಜ ಕಳೆದುಕೊಂಡ ಮನೆಯವರೂ ಜನಪದರೇ. ಮತ್ತೊಂದೆಡೆ, ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕಗಳನ್ನೇ ಟಂಕಿಸಿ ಹಂಚಿತು. ಅಂಥ ಮನೆಗಳಲ್ಲಿ ಈ ದಂಗೆಯ ಕಥೆ ಯಾವ ಧಾಟಿಯಲ್ಲಿ ಸಾಗಿರಬೇಕು? ನುಡಿಗಟ್ಟನ್ನು ಯಾರು, ಯಾರ ಎದುರು ಆಡಿದರು ಎಂಬ ಕ್ಷೇತ್ರಕಾರ್ಯದ ಮೊದಲ ಪ್ರಶ್ನೆಯನ್ನು ಇಲ್ಲಿ ಸಾಕಷ್ಟು ಕೇಳಿಲ್ಲ.

ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯ ಮೂಲಕ ಈ ಕಥೆಯನ್ನು ಕನ್ನಡ ಓದುಗರಿಗೆ ಮರಳಿಸಿದರು. ಈಚೆಗೆ ಇದನ್ನು 1857ಕ್ಕೂ ಇಪ್ಪತ್ತು ವರ್ಷ ಮೊದಲಿನ ಸ್ವಾತಂತ್ರ್ಯ ಸಮರವೆಂದು ಕರೆಯುವ ರೂಢಿ ಬಲಗೊಂಡಿದೆ. ಇದೂ ಒಂದು ಪರ್ಯಾಯ ಚರಿತ್ರೆಯೇ. ಆ ಹದಿಮೂರು ದಿನಗಳು ಹದಿಮೂರು ವರ್ಷಗಳಾಗಿದ್ದರೆ ಬರುತ್ತಿದ್ದುದು ಹಾಲೇರಿ ಸಿಂಹಾಸನವೇ ಹೊರತು ಗಣರಾಜ್ಯವಲ್ಲ. ದಂಗೆಕೋರರು ಬಯಸಿದ್ದನ್ನು ಬಿಟ್ಟು ನಾವು ಬಯಸುವುದನ್ನು ಅವರ ಕೈಗೆ ಕೊಡುವುದು ಗೌರವವೇ ಎಂಬ ಅನುಮಾನ ನನ್ನದು.

ದಂಗೆಕೋರರ ಬಾವುಟ ಏರಿತೆಂದು ಹೇಳಲಾಗುವ ಮಂಗಳೂರಿನ ಬಾವುಟಗುಡ್ಡದಲ್ಲಿ 2022ರಲ್ಲಿ ರಾಮಯ್ಯಗೌಡರ ಪ್ರತಿಮೆ ನಿಂತಿತು. 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರಿಗೂ ಸ್ಮಾರಕವಿದೆ. ಪುಟ್ಟಬಸಪ್ಪನನ್ನೂ ಗಲ್ಲಿಗೇರಿಸಲಾಯಿತು. ಕರಾವಳಿಯ ಆ ನುಡಿಗಟ್ಟಿನಲ್ಲಿ ಇರುವುದು ಅವನು ಎರವಲು ಪಡೆದ ಹೆಸರು ಮಾತ್ರ.